ಬಿಲ್ಲೆಯ ಮೂರನೇ ಗೆರೆ

ಹದಿನೆಂಟು ನೂರು ಬಿಲ್ಲೆ,
ಮೂರು ರಾತ್ರಿ ಕುಂತು ಲ್ಯಾಮಿನೇಶನ್ ಮಾಡೀನಿ.
ಮಶೀನು ಕಾದು ಕಾದು ಅಂಗಡಿ ತುಂಬ
ಸುಟ್ಟ ಪ್ಲಾಸ್ಟಿಕ್ಕಿನ ವಾಸನಿ.
ಮೊದಲನೇ ಗೆರಿಗೆ ಹೆಸರು, ಎರಡನೇದಕ್ಕ ಊರು,
ಮೂರನೇದಕ್ಕ ಗ್ರಹ.
‘ಯಾವ ಗ್ರಹಾರೀ ಸರ, ಶನಿಯೋ ರಾಹುವೋ?’
ಕಾಖಂಡಕಿ ಮಾಸ್ತರು ನಕ್ಕರು:
‘ಬೇಕಾದ್ದು ಬರಕೋರಿ ಅಕ್ಕಾರ,
ಆಕಾಶದ ಉತಾರ ಇನ್ನೂ ಯಾರ ಹೆಸರಿಗೂ ಆಗಿಲ್ಲ.’
ಬಿಲ್ಲಿನ ಬಾಕಿ ಮುನ್ನೂರು ರೂಪಾಯಿಗೆ ಬದಲು
ಒಂದು ಬಿಲ್ಲೆ ಕೈಯಾಗ ಇಟ್ಟು ಹೋದರು.

ಹಂಗಾಗಿ ಹೋದೆ.
ನವನಗರದ ಅದಽ ದೊಡ್ಡ ಮಂಗಲ ಕಾರ್ಯಾಲಯ.
ಹೋದ ವಾರ ಇಲ್ಲೇ ಬುಂದೇದ ಉಂಡಿ ತಿಂದಿದ್ದೆ.
ಅಕ್ಕಿಕಾಳು ಇನ್ನೂ ಹಾಸುಗಲ್ಲಿನ ಸಂದ್ಯಾಗ,
ಅದರ ಮ್ಯಾಲೆ ಹರಕೊಂಡು ಹೊಂಟಿತ್ತು ಡ್ರ್ಯಾಗನ್ನಿನ ಬಾಲ.
ಮದಿಮಗನ ಕುರ್ಚಿಯೊಳಗ ಮೂರು ಕಣ್ಣಿನವ ಒಬ್ಬ
ಮೊಬೈಲ್ ಚಾರ್ಜಿಗೆ ಹಚ್ಚಿ ತೂಕಡಿಸತಿದ್ದ,
ನಡುವಿನ ಕಣ್ಣಷ್ಟಽ ತೆರದಿತ್ತು.

ನಕ್ಷತ್ರಗಳ ಮಹಾರಾಣಿ ಬಂದಳು.
ಎಲ್ಲಾರೂ ಕಿರೀಟ ನೋಡಿದರು, ನಾ ನೋಡಿದ್ದು ಮೇಲಂಗಿ.
ಗುಳೇದಗುಡ್ಡದ ಖಣ!
ಒಂದಲ್ಲ ಎರಡಲ್ಲ, ಹದಿನೆಂಟು ಖಣ ಜೋಡಿಸಿ ಹೊಲದದ್ದು.
‘ಯಾರು ಹೊಲದರವ್ವಾ?’
‘ನಾನಽರೀ, ಆಯೀ ಮಶೀನಿನ ಮ್ಯಾಲೆ.’
ಬಗಲಾಗ ಹೊಲಿಗಿ ಬಿಚ್ಚಿತ್ತು.
ನನ್ನ ತಾಳಿಸರದಾಗ ಯಾವತ್ತೂ ಎರಡು ಪಿನ್ನು ಇರತಾವ,
ಒಂದು ಹಚ್ಚಿದೆ.
ಸಾಮ್ರಾಜ್ಯ ಉಳೀತು.

ಮಧ್ಯಾಹ್ನ ಊಟ ಆದಮ್ಯಾಲೆ ಒಂದು ಚರ್ಚೆ:
ಮುಳುಗಿದ ನಗರಗಳು, ನಾಳಿನ ಕಲ್ಪನೆಗಳು.
ಪುಣೆಯಿಂದ ಬಂದವ ಪರದೆ ಮ್ಯಾಲೆ ಚಿತ್ರ ತೋರಿಸಿದ.
ನೀರೊಳಗ ಗೋಪುರ, ಕಿಟಕ್ಯಾಗ ಮೀನು,
ಇನ್ನೂ ಮುನ್ನೂರು ವರ್ಷ ಐತಿ ಅಂದ.
ಕೈ ಎತ್ತಬೇಕಂತ ನನಗೇನೂ ಇರಲಿಲ್ಲ.
ಎತ್ತಿತು.

‘ಸರ, ಚಿತ್ರದಾಗ ಬಾಗಲಾ ಅದಾವಲ್ಲರಿ, ಅದು ತಪ್ಪು.
ನೀರು ಬರೂ ಮೊದಲು ಬಾಗಲಾ ಕಿತ್ತಕೋತಾರ.
ಚೌಕಟ್ಟು, ತೊಲಿ, ಜಂತಿ,
ಮೊದಲನೇ ಟ್ರ್ಯಾಕ್ಟರಿನ್ಯಾಗ ಅವಽ ಹೋಗತಾವ,
ಮಂದಿ ಎರಡನೇದ್ರಾಗ.
ಗ್ವಾಡಿಗೆ ಕೆಂಪು ಬಣ್ಣದಾಗ ನಂಬರ್ ಬರದಿರತಾರ,
ನೀರಾಗೂ ಅದು ಭಾಳ ದಿನ ಹೋಗೂದಿಲ್ಲ.
ಆಮ್ಯಾಲೆ ನಿಮಗೊಂದು ಸೆಕ್ಟರ್ ನಂಬರ್ ಕೊಡತಾರ.
ಓಣಿ ಹೆಸರು ಹೇರಾಕ ಮಾತ್ರ
ಯಾವ ಟ್ರ್ಯಾಕ್ಟರೂ ಬರೂದಿಲ್ಲರಿ.’

ಹಿಂದ ಯಾರೋ ಸೀಟಿ ಹೊಡದರು,
ಮೆಚ್ಚಿದರೋ ಚ್ಯಾಷ್ಟಿ ಮಾಡಿದರೋ ತಿಳೀಲಿಲ್ಲ.
ನನ್ನ ಮೊಣಕಾಲು ನಡಗತಿದ್ದವು.
ಪುಣೆಯವ ಪೆನ್ನು ತಗದು
‘ಬಾಗಿಲು ಮೊದಲು’ ಅಂತ ಬರಕೊಂಡ,
ಅಡಿಗೆರಿ ಹಾಕಿದ.
ಹಸಿರು ಮುಖದ ಪುಟ್ಟ ಹುಡುಗಿಯೊಂದು ಹೊಳ್ಳಿ
ನನ್ನನ್ನಽ ನೋಡತಿತ್ತು,
ನಾನೂ ಏನೋ ವೇಷ ಹಾಕೀನಿ ಅನ್ನೂವಂಗ.

ಸಂಜೀಕ ಬಸ್ ಸ್ಟ್ಯಾಂಡಿನ್ಯಾಗ
ಮುಧೋಳದ ದಾವಲ್, ಎಣ್ಣಿಡಬ್ಬಿಯ ಯಂತ್ರಮಾನವ,
ತಲಿ ಬಗಲಾಗ ಹಿಡಕೊಂಡು ಮೆಟ್ಟಲ ಮ್ಯಾಲೆ ನಿಂತಿದ್ದ.
‘ಡಬ್ಬಿಗೆ ಲಗೇಜ್ ಆಕ್ಕತಿ,’ ಅಂದ ಕಂಡಕ್ಟರ್.
‘ಡಬ್ಬಿ ಅಲ್ಲಣ್ಣಾ, ನನ್ನ ತಲಿ.’
‘ಹಂಗಾರ ಹಾಕ್ಕೋ.’
ಹಾಕ್ಕೊಂಡ.
ಒಂದಽ ಟಿಕೇಟು ಹರದ ಕಂಡಕ್ಟರ್,
ಡಬ್ಬಿಯೊಳಗಿಂದ ‘ಥ್ಯಾಂಕ್ಸ್’ ಅಂತ ಗುಂಯ್ಯಂದಿತು.
ಬಸ್ಸು ಹೊಳ್ಳುವಾಗ ಕಿಟಕ್ಯಾಗ
ಎರಡು ಕೆಂಪು ಬಲ್ಬು, ಒಂದು ಮಿಣುಕತಿತ್ತು.

ಅಂಗಡಿಗೆ ಬಂದು ಬಿಲ್ಲೆ ಬಿಚ್ಚಿದೆ.
ದಾಕ್ಷಾಯಣಿ ಸಜ್ಜನ. ಬಾಗಲಕೋಟಿ.
ಮೂರನೇ ಗೆರಿ ದಿನಾಪೂರ್ತಿ ಖಾಲಿನಽ ತಿರಗೇತಿ.
ಕೈಗೆ ಸಿಕ್ಕ ಪೆನ್ನಿಲೆ ಬರದೆ: ಕಿಲ್ಲಾ.
ಲ್ಯಾಮಿನೇಶನ್ ಮ್ಯಾಲೆ ಶಾಯಿ ಹತ್ತೂದಿಲ್ಲ,
ನನಗಲ್ಲದ ಯಾರಿಗೆ ಗೊತ್ತಿರಬೇಕು ಅದು.
ಅಕ್ಷರ ಹನಿಹನಿಯಾಗಿ ಕೂಡಿ
ಹೆಬ್ಬೆರಳಿಗೆ ನೀಲಿ ಆತು.

ಮಾರ್ಕರ್ ಎಲ್ಲೋ ಡ್ರಾವರಿನ್ಯಾಗ ಐತಿ.
ನಾಳೆ ಸೋಮವಾರ,
ಆಧಾರ ಕಾರ್ಡಿನವರು ಬೆಳಿಗ್ಗೆನಽ ಸಾಲು ಹಚ್ಚತಾರ.